ಕೊಬ್ಬರಿ ಆದ ಮೇಲೆ

ನಮ್ಮ ಮನೆಯಲ್ಲಿ ಏನು ಕೇಳಿದರೂ ಒಂದೇ ಉತ್ತರ: ‘ಕೊಬ್ಬರಿ ಆಗ್ಲಿ.’ ಕಣಕಟ್ಟೆ ಕಡೆಯ ತೆಂಗಿನ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಿತ್ತ ಕಾಯಿ ವರ್ಷವಿಡೀ ಅಟ್ಟದ ಮೇಲಿರಬೇಕು, ಒಳಗಿನ ನೀರು ಇಂಗಬೇಕು, ಸುಲಿದು ಒಡೆದ ಕೊಬ್ಬರಿ ಅರಸೀಕೆರೆ ಮಂಡಿಗೆ ಹೋಗಬೇಕು. ಅಲ್ಲಿಯವರೆಗೆ ಚಪ್ಪಲಿ ಕಿತ್ತುಹೋದರೂ ಅಷ್ಟೆ, ಜ್ವರ ಬಂದರೂ ಅಷ್ಟೆ.

ಮೂರನೇ ಕ್ಲಾಸಿನಲ್ಲಿದ್ದಾಗ ನನ್ನ ಎಡಗಿವಿ ಸೋರತೊಡಗಿತು. ಅಮ್ಮ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟಳು. ಅಪ್ಪ, “ಕೊಬ್ಬರಿ ಆಗ್ಲಿ ಕಣವ್ವ, ಅರಸೀಕೆರೆ ಡಾಕ್ಟ್ರತ್ರ ನಾನೇ ಕರ್ಕೊಂಡೋಯ್ತೀನಿ” ಎಂದ. ನಾನು ನಂಬಿದೆ. ಸ್ಕೂಲಿನಿಂದ ಬಂದವಳೇ ಅಟ್ಟ ಹತ್ತಿ, ಕಾಯಿಗಳನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದೆ. ಒಣಗಿದ್ದರೆ ಒಳಗಿನ ಗಿಟುಕು, ಅಂದರೆ ಇಡೀ ಕೊಬ್ಬರಿ ಉಂಡೆ, ಗಡಗಡ ಅನ್ನುತ್ತದೆ.

ಒಂದು ಸಂಜೆ ಅಪ್ಪನೂ ಅಟ್ಟದಲ್ಲಿದ್ದ. ಒಂದು ಕಾಯಿಯನ್ನು ಎಡಗಿವಿಗೆ ಹಿಡಿದು, “ಇದು ಇನ್ನೂ ಆಗಿಲ್ಲ ಅಪ್ಪಾ” ಎಂದೆ. ಅವನು ಕಿತ್ತುಕೊಂಡು ಅಲ್ಲಾಡಿಸಿದ.

“ಗಡಗಡ ಅಂತೈತಲ್ಲೇ ಕಿವುಡಿ!” ಎಂದು ನಕ್ಕ. ಕೆಳಗಿದ್ದ ಅಮ್ಮನೂ ನಕ್ಕಳು. ನನಗೂ ನಗು ಬಂತು. ಕೊಬ್ಬರಿ ಆಗಿತ್ತಲ್ಲ!

ಕೊಬ್ಬರಿ ತುಂಬಿದ ಟೆಂಪೋ ಅರಸೀಕೆರೆಗೆ ಹೊರಡುವ ಬೆಳಿಗ್ಗೆ ತಲೆ ಬಾಚಿಕೊಂಡು ಬಾಗಿಲಲ್ಲಿ ನಿಂತೆ. ಮುಂದಿನ ಸೀಟಿನಲ್ಲಿ ಅಪ್ಪನ ತೊಡೆಯ ಮೇಲೆ ತಮ್ಮ ಕೂತಿದ್ದ. ಹಿಂದಿನ ದಿನದಿಂದ ಅವನಿಗೆ ನೆಗಡಿ. “ಜಾಗ ಇಲ್ಲ ಕಣೇ, ಮುಂದಿನ್ ಸಲ” ಎಂದ ಅಪ್ಪ.

ಸಂಜೆ ತಮ್ಮ ಕೆಂಪು ಸಿರಪ್ಪಿನ ಬಾಟಲಿ ಹಿಡಿದುಕೊಂಡು ಇಳಿದ. ನಾನು ಅತ್ತಿದ್ದಕ್ಕೆ ಅಮ್ಮ, “ಅವ್ನು ಗಂಡುಡ್ಗ, ತಡ್ಕಳಾಕಿಲ್ಲ. ನೀನು ತಡ್ಕತೀಯ” ಎಂದಳು. ಹೊಟ್ಟೆ ಉರಿದುಹೋಯಿತು. ಕೈಯಲ್ಲಿ ಕಾಸಿಲ್ಲದೆ ನನ್ನನ್ನು ಕಾಯಿಸಿದ್ದರೆ ಇಷ್ಟು ಸಿಟ್ಟು ಇರುತ್ತಿರಲಿಲ್ಲ. ಕಾಸು ಬಂದಿತ್ತು. ಮುಂದಿನ ಸಲ ಮಾತ್ರ ಬರಲೇ ಇಲ್ಲ.

ಹೋದ ವರ್ಷ, ನನ್ನದೇ ಸಂಬಳದಲ್ಲಿ, ಹಾಸನದ ಕಿವಿ ಡಾಕ್ಟರಿಗೆ ತೋರಿಸಿದೆ. ಅಮ್ಮ ಜೊತೆಗೆ ಬಂದಿದ್ದಳು. ಎಡಗಿವಿ ಪೂರ್ತಿ ಹೋಗಿದೆ, ಚಿಕ್ಕಂದಿನಲ್ಲೇ ತೋರಿಸಿದ್ದರೆ ಉಳಿಯುತ್ತಿತ್ತೇನೋ ಎಂದರು ಡಾಕ್ಟರು.

“ನಮ್ಗೆ ಗೊತ್ತೇ ಇರ್ನಿಲ್ಲ ಸಾರ್. ಇವ್ಳು ಒಂದಿನಾನೂ ಬಾಯ್ಬಿಡ್ಲಿಲ್ಲ” ಎಂದಳು ಅಮ್ಮ. ಡಾಕ್ಟರು ತಪ್ಪೆಲ್ಲ ನನ್ನದೇ ಎಂಬಂತೆ ನನ್ನ ಕಡೆ ನೋಡಿದರು.

ಹಾಗೆ ಹೇಳುವಾಗಲೂ ಅವಳು ಕೂತಿದ್ದು ನನ್ನ ಬಲಕ್ಕೇ. ಇಷ್ಟು ವರ್ಷಗಳಲ್ಲಿ ನನ್ನ ಜೊತೆ ಮಾತಾಡುವುದಕ್ಕೆ ಅಮ್ಮ ಒಮ್ಮೆಯೂ ಎಡಕ್ಕೆ ಕೂತವಳಲ್ಲ.