ಮುಂದೆ ಓಡಿದ ಮಾಸ್ತರರು

ವೀರಭದ್ರಪ್ಪ ಮಾಸ್ತರರು ಓಡುವುದನ್ನು ಕಂಡವರು ನಗದೆ ಇರುತ್ತಿರಲಿಲ್ಲ. ದಪ್ಪ ದೇಹ, ಮೊಣಕಾಲು ಮುಟ್ಟುವ ಖಾಕಿ ಚಡ್ಡಿ, ತಲೆಗೆ ಬಿಳಿ ರುಮಾಲು. ಆ ರುಮಾಲನ್ನು ಒಂದು ಕೈಯಿಂದ ಒತ್ತಿ ಹಿಡಿದೇ ಓಡುತ್ತಿದ್ದರು. ನಿಜಾಮರ ಕಾಲದಲ್ಲಿ ಅವರು ನಮ್ಮ ನಾರಾಯಣಖೇಡದ ಶಾಲೆಯ ಡ್ರಿಲ್ ಮಾಸ್ತರರು. ಹುಕುಂ ಉರ್ದುವಿನಲ್ಲಿ, ಬೈಗುಳ ಕನ್ನಡದಲ್ಲಿ, ಮೆಚ್ಚುಗೆ ತೆಲುಗಿನಲ್ಲಿ. ಮೆಚ್ಚುಗೆ ನಾನು ಕೇಳಿದ್ದು ಕಡಿಮೆ. ಹೊತ್ತಿಗೆ ಸರಿಯಾಗಿ ಏಳುವುದು, ಹಾಸಿಗೆ ಮಡಿಚುವುದು, ಸಾಲಿನಲ್ಲಿ ನಿಲ್ಲುವುದು ನನಗೆ ಬಂದದ್ದು ಅವರಿಂದ. ಈಗಲೂ ರಸ್ತೆಯಲ್ಲಿ ಅಂಥದೊಂದು ಅಗಲ ಬೆನ್ನು ಕಂಡರೆ, ಹೆಜ್ಜೆ ಚುರುಕು ಮಾಡಿ ಮುಖ ನೋಡಿ ಬರುತ್ತೇನೆ.

ಊರಾಚೆಯ ಲಂಬಾಣಿ ತಾಂಡಾದ ಸೋಮ್ಲಾ ನನ್ನ ವಾರಗೆಯವನು. ಅವನು ಗುಡ್ಡದಲ್ಲಿ ಆಡಿನ ಹಿಂದೆ ಓಡುವುದನ್ನು ಮಾಸ್ತರರು ಕಂಡರು. ಮರುದಿನವೇ ನನ್ನನ್ನು ಕರೆದುಕೊಂಡು ತಾಂಡಾಕ್ಕೆ ಹೋಗಿ, ಅವನನ್ನು ಜಹೀರಾಬಾದಿನ ಓಟದ ಪಂದ್ಯಕ್ಕೆ ಕಳಿಸಿ ಎಂದು ಕೇಳಿದರು. ಆ ಓಟದ ದಾರಿ ಅಲ್ಲಿನ ಪೇಟೆಯ ನಡುವೆ ಹಾಯುತ್ತಿತ್ತು.

ಸೋಮ್ಲಾನ ಅಜ್ಜ ಚಿಲುಮೆ ಕೆಳಗಿಟ್ಟ. “ಗುಡ್ಡದಾಗ ಓಡ್ಲಿ ಮಾಸ್ತರೆ. ಪ್ಯಾಟ್ಯಾಗ ನಮ್ಮವ ಓಡಿದ್ರ, ಏನ್ ಕದ್ದಿ ಅಂತ ಹಿಡೀತಾರ. ಅದಕ್ಕೇ ಊರಾಗ ನಡೀರಿ, ಓಡಬ್ಯಾಡ್ರಿ ಅಂತ ಮಕ್ಕಳಿಗೆ ಕಲಿಸೀವಿ.”

“ಹಿಡಿಯೋರು ನನ್ನ ಹಿಡೀಲಿ” ಎಂದರು ಮಾಸ್ತರರು.

ಅಭ್ಯಾಸದ ಮೊದಲ ಮುಂಜಾನೆ ನಮ್ಮ ಪೇಟೆಯಲ್ಲಿ ಸೋಮ್ಲಾ ಮುಂದೆ, ಮಾಸ್ತರರು ಸೀಟಿ ಊದುತ್ತ ಹಿಂದೆ. ಕಿರಾಣಿ ಅಂಗಡಿಯವನು ಹಾರಿ ಬಂದು ಸೋಮ್ಲಾನ ರಟ್ಟೆ ಹಿಡಿದ. “ಸಿಕ್ಕಾನ್ರಿ, ಬರ್ರಿ.” ಮಾಸ್ತರರು ಏದುಸಿರು ಬಿಡುತ್ತ ಬಿಡಿಸಿದರು. ಸೋಮ್ಲಾ ತಲೆ ತಗ್ಗಿಸಿ ತಾಂಡಾದ ಕಡೆ ನಡೆದುಬಿಟ್ಟ.

ಸಂಜೆ ಅವರೇ ಅವನ ಗುಡಿಸಲಿಗೆ ಹೋದರು. “ತಪ್ಪು ನಂದಪ್ಪ. ನಾಳಿಂದ ನಾ ಮುಂದ, ನೀ ಹಿಂದ.”

ಮರುದಿನ ಪೇಟೆಗೆ ಪೇಟೆಯೇ ನಕ್ಕಿತು. “ಮಾಸ್ತರು ಏನರೆ ಕದ್ದಾರೇನೊ ಸೋಮ್ಲಾ, ಬೆನ್ನ ಹತ್ತೀದಿ?”

“ನಿಮ್ಮ ತಕ್ಕಡಿ ಕದ್ದೀನಿ, ಹಿಡೀಲಾಕ ಬರ್ರಿ” ಎನ್ನುತ್ತ ಮಾಸ್ತರರು ಓಡಿದರು. ದಿನಾ ಓಡಿದರು. ಸೋಮ್ಲಾ ಓಡುವುದು ಊರಿಗೆ ರೂಢಿಯಾಯಿತು.

ಓಟಕ್ಕೆ ಮೊದಲೇ ಮಾಸ್ತರರಿಗೆ ತಾಂಡೂರಿಗೆ ವರ್ಗವಾಯಿತು. ಜಹೀರಾಬಾದಿನಲ್ಲಿ ಗೆರೆಯ ಮೇಲೆ ನಿಂತ ಸೋಮ್ಲಾ ನನ್ನ ಕಡೆ ತಿರುಗಿದ. “ಮುಂದ ಯಾರೂ ಇಲ್ಲಲ್ಲೊ” ಎಂದ. ಉಳಿದವರು ಹೊರಟರು, ಅವನು ನಿಂತೇ ಇದ್ದ. ಆಮೇಲೆ ಓಡಿದ. ತಡವಾಗಿ ಹೊರಟರೂ ಮೂರನೆಯವನಾಗಿ ಬಂದ. ಪೇಟೆಯಲ್ಲಿ ಯಾರೂ ಅವನನ್ನು ತಡೆಯಲಿಲ್ಲ.

ಸುದ್ದಿ ಹೇಳಲು ನಾವಿಬ್ಬರೂ ತಾಂಡೂರಿಗೆ ಹೋದೆವು. ಅವು ರಜಾಕಾರರ ಗಲಾಟೆಯ ದಿನಗಳು. ಮಾಸ್ತರರ ಬಾಗಿಲಿಗೆ ಬೀಗ ಬಿದ್ದಿತ್ತು.

“ಊರು ಬಿಟ್ಟು ಹೋಗ್ಯಾರಪ್ಪ. ಎಲ್ಲಿಗಂತ ಹೇಳಿಲ್ಲ” ಎಂದಳು ನೆರೆಮನೆಯ ಮುದುಕಿ.

ಸೋಮ್ಲಾ ಮಾಸ್ತರರ ಮನೆ ಮುಂದಿನ ಕಟ್ಟೆಯ ಮೇಲೆ ಕೂತ. ಎದ್ದು ಹೊರಟಾಗ ಮುದುಕಿಗೆ ಹೇಳಿದ: “ಬಂದ್ರ ಹೇಳವ್ವ, ಸೋಮ್ಲಾ ಪ್ಯಾಟ್ಯಾಗ ಒಬ್ಬನೇ ಓಡಿದ ಅಂತ.”