ಗಂಗಿ ಎಂಬುವರ ದಾರಿ

ನಮ್ಮೂರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ಬೆಳಗ್ಗೆ ನನ್ನ ಅಂಗಡಿಯ ಬಾಗಿಲಿಗೆ ನೋಟಿಸು ಅಂಟಿರುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಮೂರಕ್ಕೂ ಬಸ್ಸು ಸಿಗುವ ಊರು, ಮೂರಕ್ಕೂ ತಡವಾಗಿಯೇ ಸಿಗುವ ಊರು ಅಂದರೆ ಸಾಕು. ನಾನು ಯಶೋಧಾ. ಊರಾಡಳಿತದ ಕಚೇರಿ ಎದುರಿಗೆ ನನ್ನ ಜೆರಾಕ್ಸ್ ಅಂಗಡಿ. ಪ್ರಿಂಟು ತೆಗೆದುಕೊಡುತ್ತೇನೆ, ಅರ್ಜಿ ಬರೆದುಕೊಡುತ್ತೇನೆ. ಜನ ಬಾಯಲ್ಲಿ ಹೇಳಿದ್ದನ್ನು ಕಚೇರಿಯವರಿಗೆ ತಿಳಿಯುವ ಕನ್ನಡಕ್ಕೆ ತಿರುಗಿಸುತ್ತ ತಿರುಗಿಸುತ್ತ ನನ್ನ ತಲೆ ಕೆಟ್ಟು ಬಹಳ ವರ್ಷವಾಯಿತು.

ಕೆಡಿಸಿದವರಲ್ಲಿ ಮೊದಲನೆಯವಳು ಓಬಮ್ಮ. ಗುಡೇಕೋಟೆ ಕಡೆಯ ಹೆಣ್ಣು. ನಮ್ಮೂರ ಕೆರೆಯ ಹಿಂದಿನ ಹಟ್ಟಿಗೆ ಪಾಲಣ್ಣನ ಹೆಂಡತಿಯಾಗಿ ಬಂದವಳು. ಪಾಲಣ್ಣ ಸಾಧು ಮನುಷ್ಯ. ಕುರಿಗಳೂ ಸಾಧು. ಇವರೆಲ್ಲರ ಪಾಲಿನ ಜಗಳವನ್ನು ಓಬಮ್ಮ ಒಬ್ಬಳೇ ಆಡುತ್ತಾಳೆ. ಕುರಿಗೂ ತಹಸೀಲ್ದಾರರಿಗೂ ಅವಳದು ಒಂದೇ ದನಿ. ಒಮ್ಮೆ ಕಾಲು ಮುರಿದ ಮರಿಯೊಂದನ್ನು ಹೆಗಲ ಮೇಲೆ ಹಾಕಿಕೊಂಡು ಅಂಗಡಿಗೆ ಬಂದಿದ್ದಳು. ನಾವು ಮಾತಾಡುತ್ತಿದ್ದಾಗ ಮರಿ ಯಾರದೋ ಜಾತಿ ಪ್ರಮಾಣಪತ್ರದ ಅರ್ಜಿಯನ್ನು ಅರ್ಧ ತಿಂದಿತ್ತು. ನಾನು ಕೂಗಾಡಿದರೆ, "ಉಳಿದರ್ಧ ಕೊಡು ಯಶೋಧಾ, ಆಫೀಸಿನವ್ರು ಏನು ಪೂರಾ ಓದ್ತಾರಾ?" ಅಂದಳು.

ಅವಳದೊಂದು ಪದ್ಧತಿಯಿದೆ. ನಲ್ಲಿಯಲ್ಲಿ ಬರುವುದನ್ನು ನೀರು ಅನ್ನುತ್ತಾಳೆ. ಕೆರೆಯಲ್ಲಿರುವುದನ್ನು ಗಂಗಿ ಅನ್ನುತ್ತಾಳೆ. ಆ ಗಂಗಿಯ ಬಗ್ಗೆ 'ಇಲ್ಲ' ಎಂಬ ಮಾತು ಅವಳ ಬಾಯಲ್ಲಿ ಬರುವುದೇ ಇಲ್ಲ. ಬಳೆ ಒಡೆದರೆ ನಾವು ಹೆಚ್ಚಿತು ಅನ್ನುತ್ತೇವಲ್ಲ, ಹಾಗೆ ಕೆರೆ ಪೂರ್ತಿ ಬತ್ತಿ ನೆಲ ಬಿರಿದ ಬೇಸಿಗೆಯಲ್ಲೂ "ಗಂಗಿ ಹೆಚ್ಯಾಳ" ಅನ್ನುತ್ತಾಳೆ. ಅವಳ ತಾಯಿ ಹಾಗೆ ಅನ್ನುತ್ತಿದ್ದಳಂತೆ, ಅವಳ ಹಟ್ಟಿಯಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ. ಇಲ್ಲ ಅಂದರೆ ಆಕೆ ಕೇಳಿಸಿಕೊಂಡು ಹೊರಟುಹೋಗುತ್ತಾಳೆ ಎಂಬುದು ಅವರ ನಂಬಿಕೆ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಏಕೆಂದರೆ ಮುಂದಿನ ರಗಳೆಯೆಲ್ಲ ಇದರಿಂದಲೇ ಆಯಿತು.

ಹೊರಗಿನ ಒಂದು ಕಂಪನಿಯ ಕಣ್ಣು ನಮ್ಮ ಕೆರೆಯ ಮೇಲೆ ಬಿತ್ತು. ದಂಡೆಯ ಮೇಲೆ ಗಾಜಿನ ಗೋಡೆಯ ಆಫೀಸುಗಳ ದೊಡ್ಡ ಕಟ್ಟಡ. ಅದರ ಬಣ್ಣದ ಕರಪತ್ರವನ್ನು ನನ್ನಲ್ಲೇ ಜೆರಾಕ್ಸ್ ಮಾಡಿಸಿದರು. 'ಜಲಾಭಿಮುಖ ಕಚೇರಿ ಸಮುಚ್ಚಯ' ಎಂದು ಅದರ ಹೆಸರು. ಓಬಮ್ಮ ಚಿತ್ರ ನೋಡಿ, ಏನದು ಅಂದಳು. ನೀರಿನ ಕಡೆ ಮುಖ ಮಾಡಿದ ಆಫೀಸು ಅಂದೆ.

"ಕಟ್ಟಡ ಯಾಕ ಗಂಗಿ ಕಡಿ ಮುಖ ಮಾಡಬೇಕು? ಅದಕ್ಕೇನು ನೀರಡಿಕಿ ಆಕ್ಕೈತಾ?"

ನಗಬೇಕೆನಿಸಿತು. ಆದರೆ ಆ ಹೊತ್ತಿಗೆ ಅವಳ ಬೆರಳು ಚಿತ್ರದ ಒಂದು ಮೂಲೆಯಲ್ಲಿ ನಿಂತುಬಿಟ್ಟಿತ್ತು. ಚಿತ್ರದಲ್ಲಿ ಅಲ್ಲಿ ಕಾರು ನಿಲ್ಲಿಸುವ ಜಾಗ. ನಿಜದಲ್ಲಿ ಅದು ಹಟ್ಟಿಯಿಂದ ಕೆರೆಗೆ ಇಳಿಯುವ ದಾರಿ. ನಮ್ಮ ಕೆರೆಗೆ ಮೂರು ಕಡೆ ಕಡಿದಾದ ಕಲ್ಲಿನ ಏರಿ, ಮನುಷ್ಯರೇ ಕೈಯೂರಿ ಇಳಿಯಬೇಕು. ಆ ಒಂದು ಮೂಲೆಯಲ್ಲಿ ಮಾತ್ರ ಮಣ್ಣಿನ ಇಳಿಜಾರು. ಕುರಿ ನೀರು ಕುಡಿಯುವುದೂ ಅಲ್ಲೇ, ಉಣ್ಣೆ ಕತ್ತರಿಸುವ ಮೊದಲು ಅವನ್ನು ತೊಳೆಯುವುದೂ ಅಲ್ಲೇ. ಅದು ಮುಚ್ಚಿದರೆ ಹಟ್ಟಿಯ ಕುರಿಗಳಿಗೆ ಬೇಸಿಗೆಯಲ್ಲಿ ಬೇರೆ ನೀರಿಲ್ಲ. ಕುರಿ ಮಾರುವುದೊಂದೇ ಉಳಿಯುವ ದಾರಿ. ಓಬಮ್ಮ ಕರಪತ್ರವನ್ನು ಮಡಚಿ ಕುಪ್ಪಸದೊಳಗೆ ತುರುಕಿಕೊಂಡು ಹಟ್ಟಿಯ ಕಡೆ ಸರಸರನೆ ಹೋದಳು.

ಕಟ್ಟುವ ಮೊದಲು ಪರಿಸರ ಪರಿಶೀಲನೆ ಆಗಬೇಕು ಎಂದು ಕಾನೂನಿದೆಯಂತೆ. ಜನರ ಅಹವಾಲು ಕೇಳಲು ಕಲ್ಯಾಣ ಮಂಟಪದಲ್ಲಿ ಸಭೆ ಕರೆದರು. ಹಿಂದಿನ ದಿನದ ಮದುವೆಯ ಹೂವಿನ ಕಮಾನು ಇನ್ನೂ ಹಾಗೇ ಇತ್ತು, ಅದರ ಕೆಳಗೆ ಅಧಿಕಾರಿಗಳು ಗಂಡುಹೆಣ್ಣಿನ ಕುರ್ಚಿಗಳಲ್ಲೇ ಕೂತರು. ಊರಾಡಳಿತದ ಪರಿಸರ ಎಂಜಿನಿಯರ್ ಸೋಮಶೇಖರ್ ಸಭೆ ನಡೆಸಿದರು. ಹೇಳಿದ್ದನ್ನು ಬರೆದುಕೊಳ್ಳಲು ವರದಿ ತಯಾರಿಸುವ ಸಂಸ್ಥೆಯಿಂದ ಪ್ರಬುದ್ಧ ಎಂಬ ಹುಡುಗ ಲ್ಯಾಪ್‌ಟಾಪ್ ಹಿಡಿದು ಬಂದಿದ್ದ. ಮೈಸೂರು ಕಡೆಯವನು, ಸಭ್ಯಸ್ಥ, ಎಲ್ಲರಿಗೂ ನಮಸ್ಕಾರ ಮಾಡಿದ.

ಕಾಲೇಜಿನ ಉಪನ್ಯಾಸಕಿ ದಾಕ್ಷಾಯಣಮ್ಮ ಎದ್ದು ಕಟ್ಟಡದ ಕೊಳಚೆ ಎಲ್ಲಿಗೆ ಹೋಗುತ್ತದೆ, ಚಳಿಗಾಲಕ್ಕೆ ಬರುವ ಹಕ್ಕಿಗಳ ಗತಿ ಏನು ಎಂದು ಕೇಳಿದರು. ಮೀನು ಹಿಡಿಯುವ ಜಂಬಯ್ಯ ಮೀನಿನ ಬಗ್ಗೆ ಕೇಳಿದ. ಆಮೇಲೆ ಓಬಮ್ಮ ಮೈಕನ್ನು ಕುರಿಯ ಕೊರಳು ಹಿಡಿದಂತೆ ಹಿಡಿದಳು.

"ನೋಡ್ರಿ ಸಾಹೇಬ್ರ, ನೀವು ಏನರ ಕಟ್ಟಿಕೊಳ್ರಿ. ಗಂಗಿ ದಾರಿ ಮಾತ್ರ ಮುಚ್ಚಬ್ಯಾಡ್ರಿ. ನಮ್ಮತ್ತಿ ಕಾಲದಿಂದ ಗಂಗಿದು ಅದೇ ದಾರಿ. ಆ ದಾರಿ ಮುಚ್ಚಿದ್ರ ಗಂಗಿ ನಮ್ಮ ಕೈ ಬಿಟ್ಟಂಗ. ಗಂಗಿ ಇದ್ರ ನಾವು, ನಮ್ಮ ಕುರಿ."

ಪ್ರಬುದ್ಧ ತಲೆಯಾಡಿಸುತ್ತ ಪಟಪಟನೆ ಕೀಲಿ ಒತ್ತಿದ. ಸರಿಯಾಗಿ ಬರೆದುಕೊಂಡ ಎಂದೇ ಎಲ್ಲರೂ ತಿಳಿದೆವು.

ಸ್ವಲ್ಪ ದಿನಕ್ಕೆ ಸಭೆಯ ನಡಾವಳಿ ಬಂತು. ಅದನ್ನು ಜೆರಾಕ್ಸ್ ಮಾಡುವ ಭಾಗ್ಯವೂ ನನ್ನದೇ. ದಾಕ್ಷಾಯಣಮ್ಮನವರ ಕೊಳಚೆಗೆ ಉತ್ತರ: ಗಮನಿಸಲಾಗಿದೆ, ಸೂಕ್ತ ಕ್ರಮ ಕೈಗೊಳ್ಳಲಾಗುವುದು. ಹಕ್ಕಿಗಳಿಗೆ: ಗಮನಿಸಲಾಗಿದೆ, ಸೂಕ್ತ ಕ್ರಮ ಕೈಗೊಳ್ಳಲಾಗುವುದು. ಜಂಬಯ್ಯನ ಮೀನಿಗೂ ಅದೇ. ಕೆಳಗೆ ಓಬಮ್ಮನದು ಹೀಗಿತ್ತು: 'ಶ್ರೀಮತಿ ಗಂಗಿ ಎಂಬುವರು ಬಹುಕಾಲದಿಂದ ಬಳಸುತ್ತಿರುವ ದಾರಿಯ ಬಗ್ಗೆ ಅವರ ಪರವಾಗಿ ಓಬಮ್ಮ ಇವರು ಆಕ್ಷೇಪಿಸಿರುತ್ತಾರೆ. ಇದು ವೈಯಕ್ತಿಕ ಹಕ್ಕಿನ ತಕರಾರಾಗಿದ್ದು, ಪರಿಸರಕ್ಕೆ ಸಂಬಂಧಿಸಿದ್ದಲ್ಲ. ಸದರಿ ಗಂಗಿ ಇವರು ದಾಖಲೆಗಳೊಂದಿಗೆ ಖುದ್ದು ಹಾಜರಾಗತಕ್ಕದ್ದು.'

ಎರಡು ಸಲ ಓದಿದೆ. ಮೈಯೆಲ್ಲ ಉರಿದುಹೋಯಿತು. ಇಡೀ ಸಭೆಯಲ್ಲಿ ಬರೀ ನೀರಿನ ಬಗ್ಗೆ ಮಾತಾಡಿದವಳು ಅವಳೊಬ್ಬಳು. ಅವಳದೊಂದು ಮಾತು ಮಾತ್ರ ಪರಿಸರಕ್ಕೆ ಸಂಬಂಧಿಸಿದ್ದಲ್ಲವಂತೆ.

ಅಂಗಡಿ ಬಾಗಿಲು ಎಳೆದು ಓಬಮ್ಮನನ್ನು ಕರೆದುಕೊಂಡು ಎದುರಿನ ಕಚೇರಿಗೆ ಹೋದೆ. ಸೋಮಶೇಖರ್ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದು ಬರಬಹುದಿತ್ತು. ನಮ್ಮನ್ನು ಕೂರಿಸಿ, ಚಹಾ ತರಿಸಿ, ಎಲ್ಲವನ್ನೂ ಕೇಳಿ, ತಾವೂ ನಕ್ಕರು.

"ಆದ್ರ ಮೇಡಂ, ನಡಾವಳಿ ಈಗ ಮ್ಯಾಲೆ ಹೋಗೈತಿ. ತಿದ್ದಾಕ ಬರಂಗಿಲ್ಲ. ಗಂಗಿ ಅನ್ನೋರು ಬಂದು ಆಕ್ಷೇಪಣೆ ವಾಪಸ್ ತಗೋಬೇಕು."

"ಗಂಗಿ ಅಂದ್ರ ಕೆರಿ ನೀರ್ರೀ ಸರ."

"ನನಗ ತಿಳೀತು. ಫೈಲಿಗೆ ತಿಳಿಬೇಕಲ್ಲ. ಗಂಗಿ ತೀರಿಕೊಂಡಿದ್ರ ಮರಣ ಪ್ರಮಾಣಪತ್ರ ಕೊಟ್ರೂ ನಡಿತೈತಿ."

ಓಬಮ್ಮ ಚಹಾದ ಲೋಟವನ್ನು ಮೇಜಿನ ಮೇಲಿಟ್ಟಳು. ಇಟ್ಟ ಸದ್ದಿಗೆ ಪಕ್ಕದ ಕೋಣೆಯವರು ಇಣುಕಿದರು.

"ಗಂಗಿ ಸತ್ತಾಳ ಅಂತ ನಾ ಬರಸಿ ಕೊಡ್ಲಾ? ನಿನ್ನ ಮನ್ಯಾಗ ನೀರು ಕುಡಿಯಂಗಿಲ್ಲೇನಪ?"

ಅವಳನ್ನು ತಣ್ಣಗೆ ಮಾಡುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಕೊನೆಗೆ ಸೋಮಶೇಖರ್ ಒಂದು ಉಪಾಯ ಹೇಳಿದರು. ಅದು ಸುಲಭವಾಗಿತ್ತು, ನ್ಯಾಯವಾಗಿಯೂ ಇತ್ತು. 'ಗಂಗಿ ಎಂಬ ವ್ಯಕ್ತಿ ಇಲ್ಲ' ಎಂದು ಓಬಮ್ಮ ಒಂದು ಸಾಲು ಬರೆಸಿ ಹೆಬ್ಬೆಟ್ಟು ಒತ್ತಿದರೆ ಆ ತಕರಾರು ಮುಗಿದುಹೋಗುತ್ತದೆ. ಆಮೇಲೆ ಕೆರೆ, ಕುರಿ, ನೀರು ಎಂದು ಬಿಡಿಸಿ ಹೊಸ ಆಕ್ಷೇಪಣೆ ಕೊಡಬಹುದು. ನಾನು ಓಡಿ ಬಂದು ಟೈಪು ಮಾಡಿ, ಪ್ರಿಂಟು ತೆಗೆದು, ಶಾಯಿ ಪ್ಯಾಡಿನ ಮುಚ್ಚಳ ಬಿಚ್ಚಿ ಅವಳ ಮುಂದಿಟ್ಟೆ.

ಓದಿ ಹೇಳು ಅಂದಳು. ಓದಿದೆ.

"ಗಂಗಿ ಇಲ್ಲ ಅಂತ ಐತಾ ಇದರಾಗ?"

"ಗಂಗಿ ಅನ್ನೋ ಹೆಣ್ಣುಮಗಳು ಇಲ್ಲ ಅಂತ ಐತಿ ಅಕ್ಕಾ. ನೀರಿಲ್ಲ ಅಂತ ಅಲ್ಲ."

"ಇಲ್ಲ ಅಂತ ಐತೋ ಇಲ್ಲೋ?"

"ಐತಿ."

"ಹಂಗಾರ ನಾ ಒತ್ತಂಗಿಲ್ಲ."

ಆ ದಿನ ನಾನು ಆಡಿದ ಮಾತುಗಳನ್ನೆಲ್ಲ ಇಲ್ಲಿ ಬರೆಯುವಂತಿಲ್ಲ. ದಾರಿ ಉಳಿಯಬೇಕಾದರೆ ಇದೊಂದೇ ಕಾಗದ, ನಿನ್ನ ಕುರಿ ನೀರಿಲ್ಲದೆ ಬಾಯಿ ಬಿಟ್ಟರೆ ನಿನ್ನ ಪದ್ಧತಿಯನ್ನು ಅವಕ್ಕೆ ಕುಡಿಸುತ್ತೀಯಾ ಎಂದೆ. ಬೇಕಾದರೆ 'ಗಂಗಿ ಹೆಚ್ಚಿದ್ದಾಳೆ' ಎಂದು ಬರೆ, ಅದಕ್ಕೆ ಒತ್ತುತ್ತೇನೆ ಅಂದಳು. ಅದನ್ನೂ ಬರೆದು ಒಯ್ದೆ, ಅಷ್ಟು ಹತಾಶಳಾಗಿದ್ದೆ. ಸೋಮಶೇಖರ್ ಅದನ್ನು ಓದಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಹೆಚ್ಚಿದ್ದಾಳೆ ಅಂದ್ರ ಈಗ ಇಬ್ಬರು ಗಂಗಿ ಅದಾರೇನ್ರಿ?" ಎಂದು ಹಿಂದಕ್ಕೆ ಕೊಟ್ಟರು.

ಪಾಲಣ್ಣನಿಗಾದರೂ ಹೇಳೋಣ ಎಂದು ಹಟ್ಟಿಗೆ ಹೋದೆ. ಅವನು ಕಂಬಳಿ ಕೊಡವುತ್ತ ಕೂತಿದ್ದ. ಎಲ್ಲ ಕೇಳಿ, "ಆಕಿ ಒಲ್ಲೆ ಅಂದಾಳಲ್ಲವಾ," ಅಂದ. ಅಷ್ಟೇ. ಮೊದಲೇ ಹೇಳಿದೆನಲ್ಲ, ಸಾಧು ಮನುಷ್ಯ. ಆ ಸಂಜೆ ಕುರಿಗಳು ಇಳಿಜಾರಿನಲ್ಲಿ ಸಾಲಾಗಿ ನಿಂತು ನೀರು ಕುಡಿಯುವುದನ್ನು ನೋಡಿದೆ. ಮುಂದಿನ ವರ್ಷ ಇದಿರುವುದಿಲ್ಲ ಎನಿಸಿ ಅಳು ಬಂತು. ಅವಳ ಮೇಲೆ ಸಿಟ್ಟೂ ಬಂತು. ಎರಡನ್ನೂ ನುಂಗಿಕೊಂಡು ಮನೆಗೆ ಬಂದೆ. ಆಮೇಲೆ ಬಹಳ ದಿನ ನಾವಿಬ್ಬರೂ ಮಾತು ಬಿಟ್ಟೆವು.

ಮಳೆಗಾಲ ಮುಗಿಯುವ ಹೊತ್ತಿಗೆ ಕಟ್ಟಡಕ್ಕೆ ಒಪ್ಪಿಗೆ ಸಿಕ್ಕಿತು. ಹೊಸ ನಕ್ಷೆಯ ಪ್ರತಿ ಮಾಡಿಸಲು ಸೋಮಶೇಖರ್ ತಾವೇ ಬಂದರು. ಎದೆ ಗಟ್ಟಿ ಮಾಡಿಕೊಂಡು ನಕ್ಷೆ ಬಿಚ್ಚಿದೆ. ಗಾಜಿನ ಗೋಡೆ ಇತ್ತು, ಕಾರಿನ ಜಾಗ ಇತ್ತು, ಕೊಳಚೆಯ ಕೊಳವೆ ಕೆರೆಯ ಕಡೆಗೇ ಮುಖ ಮಾಡಿತ್ತು. ಗಮನಿಸಿದ್ದರಷ್ಟೇ, ಒಂದನ್ನೂ ಬದಲಿಸಿರಲಿಲ್ಲ. ಆದರೆ ಆ ಮೂಲೆಯಲ್ಲಿ ಹಟ್ಟಿಯಿಂದ ಕೆರೆಯವರೆಗೆ ಒಂದು ಪಟ್ಟಿ ಖಾಲಿ ಬಿಟ್ಟಿದ್ದರು.

"ಇದೇನು ಸರ್?"

"ಗಂಗಿ ದಾರಿ," ಅಂದರು ಸೋಮಶೇಖರ್. ಅವರ ಮುಖದಲ್ಲಿ ನಗುವೂ ಇತ್ತು, ನಾಚಿಕೆಯೂ ಇತ್ತು. "ಕಂಪನಿ ವಕೀಲ ಫೈಲ್ ನೋಡಿ ಹೆದರಿಬಿಟ್ಟ. ಹಕ್ಕಿ ಕೋರ್ಟಿಗೆ ಹೋಗಂಗಿಲ್ಲ, ಮೀನು ಹೋಗಂಗಿಲ್ಲ. ಈ ಗಂಗಿ ಅನ್ನೋ ಹೆಣ್ಣುಮಗಳು ಎಲ್ಲಿ ಅದಾಳ ಗೊತ್ತಿಲ್ಲ, ನೋಟಿಸು ಮುಟ್ಟಿಲ್ಲ, ತಕರಾರು ವಾಪಸ್ ತಗೊಂಡಿಲ್ಲ. ನಾಳೆ ಬಂದು ತಡೆಯಾಜ್ಞೆ ತಂದ್ರ ಇಡೀ ಕಟ್ಟಡ ನಿಲ್ತೈತಿ. ದಾರಿ ಬಿಟ್ಟುಬಿಡ್ರಿ ಅಂದನಂತ."

"ಓಬಮ್ಮ ಆ ಕಾಗದಕ್ಕ ಹೆಬ್ಬೆಟ್ಟು ಒತ್ತಿದ್ದಿದ್ರ ಏನಾಗ್ತಿತ್ತು?"

"ನೀರಿಗೆ ಸಂಬಂಧಪಟ್ಟ ಆಕ್ಷೇಪಣೆ ಅಂತ ಆಗ್ತಿತ್ತು," ಅಂದರು ಅವರು. "ಗಮನಿಸಲಾಗಿದೆ ಅಂತ ಬರಿತಿದ್ವಿ."

ಸಂತೋಷಪಡಬೇಕೋ ತಲೆ ಚಚ್ಚಿಕೊಳ್ಳಬೇಕೋ ಗೊತ್ತಾಗದೆ ನಕ್ಷೆಯನ್ನು ಯಂತ್ರಕ್ಕೆ ಹಾಕಿದೆ. ತುಂಬಿ ನಿಂತ ಕೆರೆಗೆ ಈ ಊರಿನಲ್ಲಿ ಕವಡೆ ಕಿಮ್ಮತ್ತಿಲ್ಲ. ವಿಳಾಸವಿಲ್ಲದ, ಕಂಡವರಿಲ್ಲದ ಹೆಂಗಸೊಬ್ಬಳಿಗೆ ಇಷ್ಟು ಮರ್ಯಾದೆ.

ಈಗ ಅಲ್ಲಿ ತಂತಿಬೇಲಿ, ಕಬ್ಬಿಣದ ಗೇಟು, ಗೇಟಿನ ಮೇಲೊಂದು ಬೋರ್ಡು: 'ಶ್ರೀಮತಿ ಗಂಗಿ ಇವರ ದಾರಿ. ಅನ್ಯರಿಗೆ ಪ್ರವೇಶವಿಲ್ಲ.' ಗೇಟು ಹಾಕಿದ ಮಾರನೆಯ ದಿನ ಓಬಮ್ಮ ಅಂಗಡಿಗೆ ಬಂದು, ನಡುವೆ ಏನೂ ಆಗಿಲ್ಲವೆಂಬಂತೆ, "ಬೋರ್ಡಿನಾಗ ಏನೋ ಬರದಾರ, ಬಂದು ಓದು," ಅಂದಳು. ಹೋದೆ. ಪಾಲಣ್ಣ ಹಿಂದೆ ಕುರಿ ಹೊಡೆದುಕೊಂಡು ಬಂದ. ಓದಿ ಹೇಳಿದೆ. ಅವಳು ನಗಲಿಲ್ಲ. ಆಶ್ಚರ್ಯವನ್ನೂ ಪಡಲಿಲ್ಲ. ಇಷ್ಟು ಬರೆಯಲು ಇವರಿಗೆ ಇಷ್ಟು ದಿನ ಬೇಕಾಯಿತೇ ಎಂಬಂತೆ ನನ್ನ ಮುಖ ನೋಡಿದಳು.

ಗಾದಿಲಿಂಗ ಎಂಬ ಹೊಸ ಕಾವಲುಗಾರ ಕುರ್ಚಿಯಿಂದ ಎದ್ದು ಗೇಟಿಗೆ ಅಡ್ಡ ನಿಂತ. ಹರಪನಹಳ್ಳಿ ಕಡೆಯವನು. ಕಂಪನಿ ಕೊಟ್ಟ ಸಮವಸ್ತ್ರ ಅವನಿಗೆ ದೊಡ್ಡದಾಗಿತ್ತು.

"ಗಂಗಿ ಅನ್ನೋರನ್ನ ಬಿಟ್ಟು ಯಾರನ್ನೂ ಬಿಡಬ್ಯಾಡ ಅಂತ ಹೇಳ್ಯಾರಮ್ಮ. ಗಂಗಿ ಅಂದ್ರೆ ನೀವೇನಾ?"

"ನಾ ಅಲ್ಲಪ," ಅಂದಳು ಓಬಮ್ಮ.

ನಾನು ಹಣೆ ಹಣೆ ಬಡಿದುಕೊಂಡೆ. ಹೌದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳಿಗೆ ಅದು ತೋಚಲೂ ಇಲ್ಲ.

"ಹಂಗಾದ್ರೆ ಅವರು ಎಲ್ಲದಾರೆ?"

ಓಬಮ್ಮ ಬೇಲಿಯ ಆಚೆ ಇಳಿಜಾರಿನ ಕೆಳಗೆ ಕೈ ತೋರಿಸಿದಳು. ಕೆರೆ ಏರಿಯವರೆಗೆ ತುಂಬಿತ್ತು.

"ಕೆಳಗ ಅದಾಳ. ನಮ್ಮನ್ನ ಬಿಡಬೇಕೋ ಬ್ಯಾಡೋ, ಹೋಗಿ ಆಕಿನ್ನ ಕೇಳಿ ಬಾ."

ಗಾದಿಲಿಂಗ ಗೇಟು ತೆರೆದು ಕೇಳಲು ಇಳಿದುಹೋದ. ಅವನ ಹಿಂದೆಯೇ ಕುರಿಗಳೂ ಇಳಿದವು.