ಐದು ವರ್ಷ ಬರುವ ಟಯರು

ನಿವೃತ್ತಿಯಾದ ಮೇಲೆ ನಾನು ಪಿಕಪ್ ಕೊಂಡದ್ದು ನಮ್ಮೂರು ತೋಡಾರಿನಲ್ಲಿ ಕೆಲವರಿಗೆ ಇನ್ನೂ ಜೀರ್ಣವಾಗಿಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಹೆಂಗಸು ಟ್ಯೂಷನ್ ಹೇಳಿಕೊಡಬೇಕು, ಇಲ್ಲವೇ ಭಜನಾ ಮಂಡಳಿ ಸೇರಬೇಕು ಎಂಬುದು ಅವರ ಲೆಕ್ಕ. ನಾನು ಮನೆಯ ಹಿಂದೆ ಹಲಸಿನ ಕಸಿ ಗಿಡ, ಕಾಳುಮೆಣಸಿನ ಬಳ್ಳಿ, ಜಾಯಿಕಾಯಿ ಸಸಿ ಬೆಳೆಸಿ, ಕೇಳಿದವರ ಅಂಗಳಕ್ಕೆ ನಾನೇ ಒಯ್ದು ಇಳಿಸಿ ಬರುತ್ತೇನೆ. ಕೊಕ್ಕಡದವರೆಗೂ ಹೋಗುತ್ತೇನೆ.

ಎರಡು ವರ್ಷದ ಹಿಂದೆ ಬೆಳ್ತಂಗಡಿ ಕಡೆಯ ಒಂದು ಇಳಿಜಾರಿನಲ್ಲಿ ಅಕಾಲದ ಮಳೆ ಬಿದ್ದಿತ್ತು. ಬ್ರೇಕು ಒತ್ತಿದೆ, ಪಿಕಪ್ ನಿಲ್ಲಲಿಲ್ಲ. ಜಾರಿಕೊಂಡು ಹೋಗಿ ಚರಂಡಿಯ ಅಂಚಿಗೆ ಬಡಿದು ನಿಂತಿತು. ನಾಲ್ಕೂ ಟಯರು ಬೋಳಾಗಿದ್ದವು, ಈಗ ಎರಡು ಚಕ್ರದ ಡಿಸ್ಕೂ, ಎಂದರೆ ಟಯರು ಕೂರುವ ಕಬ್ಬಿಣದ ಬಳೆಯೂ, ಸೊಟ್ಟಗಾದವು. ಪಕ್ಕದ ಸೀಟಿನಲ್ಲಿ ನನ್ನ ಗಂಡ ಮಡಿಲಲ್ಲಿ ಒಂದು ಜಾಯಿಕಾಯಿ ಸಸಿ ಇಟ್ಟುಕೊಂಡು ಕೂತಿದ್ದರು. ಸಸಿಗೂ ಅವರಿಗೂ ಏನೂ ಆಗಲಿಲ್ಲ. ಅವರು ಪೋಸ್ಟ್ ಮಾಸ್ತರರಾಗಿದ್ದವರು, ಯಾವುದನ್ನೂ ಅವಸರದಲ್ಲಿ ತಲುಪಿಸಿದವರಲ್ಲ. ಆ ವಿಷಯವನ್ನೂ ಎರಡು ದಿನ ಬಿಟ್ಟು ಚಹಾದ ಹೊತ್ತಿಗೆ ಎತ್ತಿದರು. ನನಗೆ ಅರುವತ್ತಮೂರಾಯಿತಂತೆ, ಗಾಡಿಯನ್ನು ಯಾರಿಗಾದರೂ ಕೊಟ್ಟುಬಿಡುವುದು ಒಳ್ಳೆಯದಂತೆ.

ಟಯರು ಬೋಳಾದರೆ ಓಡಿಸುವವಳನ್ನು ಯಾಕೆ ಬದಲಿಸಬೇಕು ಎಂದು ಕೇಳಿದೆ.

"ಹಾಗಾದ್ರೆ ರಿಸೋಲ್ ಹಾಕಿಸುವ. ಇನ್ನು ಎರಡು ವರ್ಷಕ್ಕೆ ಅದೇ ಧಾರಾಳ" ಎಂದರು.

ಹಳೆಯ ಟಯರಿನ ಮೇಲೆ ಹೊಸ ರಬ್ಬರ್ ಹೊದೆಸುವುದಕ್ಕೆ ರಿಸೋಲ್ ಎನ್ನುತ್ತಾರೆ. ಎರಡು ವರ್ಷ ಟಯರಿಗೋ ನನಗೋ ಎಂದು ಕೇಳಿದೆ. ಅವರು ಚಹಾ ಕುಡಿದರು. ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟಿನ ಅಡಿಯಲ್ಲಿ ಹೆದರಿಕೆಯೂ ಇತ್ತು, ಅದನ್ನು ಈಗ ಹೇಳಬಹುದು. ಎರಡು ವರ್ಷ ಕಳೆದು ನಾನು ಬಸ್ಸಿಗೆ ಕಾಯುವ ಹೆಂಗಸಾಗಿಬಿಟ್ಟರೆ ಎಂದು ಹೆದರಿದ್ದೆ.

ಮರುದಿನವೇ ಬಂಟ್ವಾಳದ ಟಯರ್ ಅಂಗಡಿಗೆ ಹೊರಟೆ. ಗಂಡನೂ ಪೇಪರ್ ಹಿಡಿದುಕೊಂಡು ಬಂದರು. ಅಂಗಡಿಯವರು ಒಳ್ಳೆಯ ಮನುಷ್ಯ, ಆದರೆ ಟಯರಿನ ಮಾತನ್ನು ಗಂಡಸರಿಗೇ ಹೇಳಿ ಅಭ್ಯಾಸ. ಲೋಡ್ ಎಷ್ಟು ಹಾಕುತ್ತೀರಿ ಎಂದು ಇವರನ್ನು ಕೇಳಿದರು, ನಾನು ಉತ್ತರ ಕೊಟ್ಟೆ. ಗಾಳಿ ಎಷ್ಟು ಹಿಡಿಸುತ್ತೀರಿ ಎಂದು ಮತ್ತೆ ಇವರನ್ನೇ ಕೇಳಿದರು. ಇವರು ಪೇಪರಿನಿಂದ ತಲೆ ಎತ್ತದೆ ನನ್ನ ಕಡೆ ಬೆರಳು ತೋರಿಸಿದರು. ಅಷ್ಟರಲ್ಲಿ ದುಬೈಯಲ್ಲಿರುವ ನನ್ನ ತಮ್ಮ ಫೋನಿನಲ್ಲಿ ಕಾಣಿಸಿಕೊಂಡ. ಅಂಗಡಿಯ ಗೋಡೆಯನ್ನೆಲ್ಲ ಅವನಿಗೆ ತೋರಿಸಿದೆ. ಮೂಲೆಯಲ್ಲಿದ್ದ ಹೊಳೆಯುವ ಅಲಾಯ್ ಚಕ್ರ ಮತ್ತು ಅಗಲ ಟಯರು ಅವನ ಕಣ್ಣಿಗೆ ಬಿದ್ದವು. ಮರಳುಗಾಡಿನಲ್ಲಿ ಎಲ್ಲರೂ ಅದನ್ನೇ ಹಾಕುವುದಂತೆ. ತೋಡಾರಿನಲ್ಲಿ ಮರಳುಗಾಡು ಎಲ್ಲುಂಟು ಎಂದು ಕೇಳುವ ವ್ಯವಧಾನ ನನಗಿರಲಿಲ್ಲ.

"ಅದು ಹಾಕಿದ್ರೆ ಚಕ್ರ ಎರಡು ಬೆರಳು ಹೊರಗೆ ಬರ್ತದೆ, ಟೀಚರೇ. ಗಿಡ ಹೇರುವ ಗಾಡಿಗೆ ಮೊದಲಿನ ಸೈಜೇ ಒಳ್ಳೆಯದು. ಯಾವುದು ತೆಗೆದ್ರೂ ಐದು ವರ್ಷಕ್ಕೆ ನೋಡುವುದು ಬೇಡ" ಎಂದರು ಅಂಗಡಿಯವರು.

ಐದು ವರ್ಷ! ಅಷ್ಟು ವರ್ಷವನ್ನು ಯಾರೋ ಅಷ್ಟು ಸಲೀಸಾಗಿ ನನ್ನ ಕೈಗೆ ಕೊಟ್ಟದ್ದು ಕೇಳಿ ಖುಷಿಯಾಯಿತು. ಮೊದಲಿನ ಸೈಜನ್ನೇ ತೆಗೆದುಕೊಂಡು ಬರಬಹುದಿತ್ತು. ಆದರೆ ಗಂಡ ಪೇಪರಿನ ಮೇಲಿಂದ ಹೌದೆಂದು ತಲೆಯಾಡಿಸಿದ್ದನ್ನು ಕಂಡೆ. ಅವರು ಒಪ್ಪಿದ ಸೈಜನ್ನು ಆ ದಿನ ನಾನು ಒಪ್ಪುವ ಹಾಗಿರಲಿಲ್ಲ. ಅಗಲದ್ದನ್ನೇ ಹಾಕಿಸಿದೆ. ಟಯರಿನ ಅಗಲ, ಎತ್ತರ, ಸುತ್ತಳತೆ ಎಲ್ಲವನ್ನೂ ಬಾಯಿಲೆಕ್ಕದಲ್ಲೇ ಹೇಳಿ ಅಂಗಡಿಯವರನ್ನು ಬೆರಗುಗೊಳಿಸಿದೆ. ಮೂಡುಬಿದಿರೆ ಪೇಟೆಯಲ್ಲಿ ಅಗತ್ಯವಿಲ್ಲದೆ ಒಂದು ಸುತ್ತು ಹೆಚ್ಚು ಹೊಡೆದೆ.

ನಮ್ಮ ಮನೆಯ ಮುಂದೆ ಒಂದು ತೋಡು ಹರಿಯುತ್ತದೆ. ಅದನ್ನು ದಾಟಲು ಇರುವ ಸಂಕ ಎಂದರೆ ಎರಡು ಉದ್ದ ಕಲ್ಲುಚಪ್ಪಡಿ, ಒಂದೊಂದು ಬದಿಯ ಚಕ್ರಕ್ಕೆ ಒಂದೊಂದು. ನಡುವೆ ಖಾಲಿ, ಕೆಳಗೆ ನೀರು. ನನ್ನ ಮಾವ ತಮ್ಮ ಜೀಪಿನ ಚಕ್ರಗಳ ಅಳತೆಗೆ ಸರಿಯಾಗಿ ಹಾಸಿದ ಕಲ್ಲುಗಳು. ನಮ್ಮ ಕಡೆ ಗಾಡಿ ಕೊಳ್ಳುವವರು ಬಣ್ಣ ನೋಡುವ ಮೊದಲು ಮನೆಯ ಸಂಕ ಅಳೆಯುತ್ತಾರೆ. ಹೆಣ್ಣು ಕೊಡುವವರು ಸಹ ಸಂಕದಲ್ಲಿ ಕಾರು ಬರುತ್ತದಾ ಎಂದು ವಿಚಾರಿಸುವುದುಂಟು. ಸುತ್ತಳತೆ ಹೇಳಿದ ಗಣಿತದ ಟೀಚರು ಅದೊಂದನ್ನು ಅಳೆದಿರಲಿಲ್ಲ.

ಮುಂದಿನ ಚಕ್ರಗಳು ಕಲ್ಲಿಗೆ ಏರಿದಾಗ ಸ್ಟೇರಿಂಗ್ ಅಲುಗಿತು. ಗಂಡ ಇಳಿದು ನೋಡಿದರು. ಎರಡೂ ಬದಿಯಲ್ಲಿ ಟಯರಿನ ಹೊರ ಅಂಚು ಕಲ್ಲು ಬಿಟ್ಟು ಗಾಳಿಯಲ್ಲಿತ್ತು. ಹಿಂದಕ್ಕೆ ತೆಗೆದು ರಸ್ತೆ ಬದಿಯಲ್ಲಿ ನಿಲ್ಲಿಸಿ, ಇಂಗು ತಿಂದ ಮಂಗನಂತೆ ಕೂತೆ. ನಾನು ಹೇಳಿರಲಿಲ್ಲವಾ ಎಂದು ಅವರು ಒಂದು ಸಲ ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ನನಗೆ ಅಳು ಬಂತು. ಹಟಕ್ಕೆ ಬಿದ್ದು ಕಣ್ಣೆದುರಿನ ಸಂಕವನ್ನೇ ಮರೆಯುವ ವಯಸ್ಸು ಬಂದಿದೆ ಎಂದಾದರೆ ಅವರು ಹೇಳಿದ್ದೇ ಸರಿ ಅನಿಸಿತು.

"ನೀವು ಹೇಳಿದ ಹಾಗೆ ಯಾರಿಗಾದ್ರೂ ಕೊಟ್ಟುಬಿಡುವ" ಎಂದು ಹೇಳಿ ಒಳಗೆ ಹೋದೆ.

ಮರುದಿನ ಬೆಳಿಗ್ಗೆ ಕಲ್ಲಿಗೆ ಕಬ್ಬಿಣ ಬಡಿಯುವ ಸದ್ದು ಕೇಳಿ ಹೊರಗೆ ಬಂದೆ. ಗಂಡ ಲುಂಗಿ ಮೇಲೆತ್ತಿ ಕಟ್ಟಿ ಮೊಣಕಾಲಿನವರೆಗೆ ತೋಡಿನಲ್ಲಿ ನಿಂತಿದ್ದರು. ಜೊತೆಗೆ ಕೆಲಸಕ್ಕೆ ಕರೆದ ಇಬ್ಬರು. ಮೂವರೂ ಸೇರಿ ಹಾರೆಕೋಲು ಹಾಕಿ ಚಪ್ಪಡಿಯನ್ನು ಹೊರಗೆ ಜರುಗಿಸುತ್ತಿದ್ದರು. ಅವರ ಅಪ್ಪ ಇಟ್ಟ ಮೇಲೆ ಆ ಕಲ್ಲನ್ನು ಯಾರೂ ಮುಟ್ಟಿರಲಿಲ್ಲ. ಬೇಕಾದ ಎರಡು ಬೆರಳು ದಾಟಿ ಆಗಲೇ ಒಂದು ಗೇಣು ಸರಿದಿತ್ತು. ಅಷ್ಟು ಯಾಕೆ, ಸಾಕು ನಿಲ್ಲಿಸಿ ಎಂದೆ.

ಅವರು ಹಾರೆಕೋಲಿಗೆ ಒರಗಿ ಉಸಿರು ಸುಧಾರಿಸಿಕೊಂಡರು.

"ಐದು ವರ್ಷ ಕಳೆದ್ರೆ ನೀನು ಇದಕ್ಕಿಂತ ದೊಡ್ಡದು ಹಾಕಿಸ್ತಿ. ಆಗ ಕಲ್ಲು ಎಳೀಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ."

ನಾನು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ತೋಡಿಗೆ ಇಳಿದೆ.